ಸಾಲಿಯಿಂದ ತುಂಬಿ ಬಂದ ನೀರಿನ ಬಾಟಲಿ

ನನ್ನ ಮೊಮ್ಮಗಳು ಎರಡನೆಯ ಇಯತ್ತೆ ಮುಗಿಸಿ ಮೂರಕ್ಕೆ ಹೋಗಿದ್ದಾಳೆ. ಆ ಒಂದು ವರ್ಷದಲ್ಲಿ ಅವಳು ಏನು ಕಲಿತಳು ಎಂದು ಯಾರಾದರೂ ಕೇಳಿದರೆ ನನ್ನ ಹತ್ತಿರ ಉತ್ತರ ತಯಾರಿದೆ. ಹತ್ತರವರೆಗೆ ಮಗ್ಗಿ ಕಲಿತಳು. ಒತ್ತಕ್ಷರ ಬಂದಲ್ಲಿ ಎಡವದೆ ಓದುವುದನ್ನು ಕಲಿತಳು. ಕೂಡಿಸುವಾಗ ಕೈಯಲ್ಲಿ ಉಳಿದದ್ದನ್ನು ಎಡಗಡೆಯ ಅಂಕಿಗೆ ಒಯ್ಯುವುದನ್ನು ಕಲಿತಳು. ಕನ್ನಡ ಸಾಲಿಯಾದರೂ ಒಂದು ಮರಾಠಿ ಪದ್ಯವನ್ನು ಅಭಿನಯ ಸಮೇತ ಹೇಳಲು ಕಲಿತಳು. ಇವೆಲ್ಲವುಗಳ ಜೊತೆಗೆ, ಬೆಳಗಿನ ಪ್ರಾರ್ಥನೆಯಿಂದ ಸಂಜೆಯ ಗಂಟೆಯವರೆಗೆ ಒಂದು ಗುಟುಕು ನೀರು ಕುಡಿಯದೆ, ಒಂದು ಸಲವೂ ಮೂತ್ರಕ್ಕೆ ಹೋಗದೆ ಕುಳಿತಿರುವುದನ್ನು ಕಲಿತಳು. ಎಲ್ಲಕ್ಕಿಂತ ಪಕ್ಕಾ ಕಲಿತದ್ದು ಅದನ್ನೇ.

ನಾನು ಮರಾಠಿ ಸೀಮೆಯೊಳಗಿನ ಈ ಜತ್ತ ತಾಲ್ಲೂಕಿನ ಸರಕಾರಿ ಆಸ್ಪತ್ರೆಗಳಲ್ಲಿ ನರ್ಸಾಗಿ ದುಡಿದು ನಿವೃತ್ತಳಾದವಳು. ಊರಲ್ಲಿ ಈಗಲೂ ಎಲ್ಲರೂ ಸಿಸ್ಟರ್ ಎಂದೇ ಕರೆಯುತ್ತಾರೆ. ಡ್ಯೂಟಿ ಬಿಟ್ಟರೂ ಡ್ಯೂಟಿಯ ಅಭ್ಯಾಸ ನನ್ನನ್ನು ಬಿಟ್ಟಿಲ್ಲ. ಹೊತ್ತು ಮೂಡುವ ಮುಂಚೆ ಏಳುತ್ತೇನೆ. ಹಾಸಿಗೆಯ ಮೂಲೆಗಳನ್ನು ವಾರ್ಡಿನಲ್ಲಿ ಮಡಚುತ್ತಿದ್ದಂತೆಯೇ ಮಡಚುತ್ತೇನೆ. ಮೊಮ್ಮಗಳ ಉಗುರು, ಕಿವಿ, ತಲೆ ನೋಡಿ, ಬಾಟಲಿಗೆ ಕಾಸಿ ಆರಿಸಿದ ನೀರು ತುಂಬಿ ಸಾಲಿಗೆ ಕಳಿಸುವುದು ನನ್ನ ಕೆಲಸ. ಸಂಜೆ ಅಂಗಳದ ಗಿಡಗಳಿಗೆ ನೀರು ಹಾಕುವುದೂ ನನ್ನದೇ. ನಮ್ಮ ಕಡೆ ನೀರನ್ನು ಅಳೆದು ಹಾಕಬೇಕು. ಪಾತ್ರೆ ತೊಳೆದ ನೀರನ್ನು ಎತ್ತಿಟ್ಟುಕೊಂಡು ಗಿಡಕ್ಕೊಂದು ತಂಬಿಗೆಯಂತೆ ಹಾಕುತ್ತೇನೆ.

ದೀಪಾವಳಿ ರಜೆ ಮುಗಿದು ಸಾಲಿ ಮತ್ತೆ ಸುರುವಾದ ಮೇಲೆ ಗೇಟಿನ ಬದಿಯ ಕರಿಬೇವಿನ ಗಿಡ ಮಿಕ್ಕ ಗಿಡಗಳಿಗಿಂತ ಜೋರಾಗಿ ಚಿಗುರತೊಡಗಿತು. ಸೊಸೆಗೆ ಖುಷಿ. "ಅತ್ತೀ, ಈ ವರ್ಷ ಕರಿಬೇವು ಭಾಳ ಚಲೋ ಬಂದದ ನೋಡ್ರಿ, ಬಾಜಾರದಾಗ ಕೊಳ್ಳೂದು ತಪ್ಪಿತು" ಎಂದಳು. ನನಗೆ ಖುಷಿಯಾಗಲಿಲ್ಲ. ಅದರ ಪಾಲಿನ ತಂಬಿಗೆ ಹಾಕುವ ಮೊದಲೇ ಅದರ ಬುಡ ಒದ್ದೆಯಾಗಿರುತ್ತಿತ್ತು. ಆ ಗಿಡಕ್ಕೆ ಇನ್ನಾರು ನೀರು ಹಾಕುತ್ತಾರೆ ಎಂದು ವಿಚಾರ ಮಾಡುತ್ತಿರುವಾಗಲೇ ಹುಡುಗಿಗೆ ಜ್ವರ ಬಂತು.

ಜ್ವರದ ಜೊತೆಗೆ ಕಿಬ್ಬೊಟ್ಟೆ ನೋವು. ಬಚ್ಚಲಿಗೆ ಹೋದವಳು ಅಳುತ್ತ ಹೊರಗೆ ಬಂದಳು. ಏನೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಬೆಳಗಿನ ಬಸ್ಸಿಗೇ ಜತ್ತಕ್ಕೆ ಕರೆದುಕೊಂಡು ಹೋಗಿ ಮೂತ್ರ ತಪಾಸಣೆ ಮಾಡಿಸಿದೆ. ಡಾಕ್ಟರು ರಿಪೋರ್ಟು ನೋಡಿ, ಅವಳ ಕೆನ್ನೆ ಹಿಂಡಿ ಕೇಳಿದರು.

"ಏನವ್ವಾ, ಸಾಲ್ಯಾಗ ನೀರು ಕುಡಿತಿ ಇಲ್ಲೋ?"

ಅವಳು ನನ್ನ ಮುಖ ನೋಡಿದಳು.

"ಸಾಲ್ಯಾಗ ಕುಡಿಬಾರ್ದ್ರಿ."

"ಯಾರು ಹೇಳ್ಯಾರ?"

"ದೊಡ್ಡ ಅಕ್ಕಗೋಳು. ನಾಲ್ಕನೇ ಇಯತ್ತೆ ಅಕ್ಕಗೋಳು. ಕುಡದ್ರ ಒಂದಕ್ಕ ಬರ್ತದ. ಬಂದ್ರ ಎಲ್ಲಿ ಹೋಗೂದು?"

"ಮತ್ತ ಬಾಟಲಿ ನೀರು ಏನ್ ಮಾಡ್ತಿ?" ಎಂದು ನಾನು ಕೇಳಿದೆ.

"ಕರಿಬೇವಿಗೆ ಹಾಕ್ತೀನಿ, ಆಯಿ. ಚೆಲ್ಲಿದ್ರ ನೀ ಬೈತಿ."

ಬಸ್ಸಿನಲ್ಲಿ ಬರುವಾಗ ಉಳಿದದ್ದನ್ನೆಲ್ಲ ಕೇಳಿ ತಿಳಿದುಕೊಂಡೆ. ಹುಡುಗಿ ಅಡಗಿಸಿಡಲಿಲ್ಲ. ಇದೂ ಒಂದು ಪಾಠ ಎನ್ನುವಂತೆ ಒಪ್ಪಿಸಿದಳು. ಒಂದನೆಯ ಇಯತ್ತೆಯವರು ಸಣ್ಣವರು. ಕಿರುಬೆರಳು ಎತ್ತಿದರೆ ಪಾಠ ಹೇಳುವ ಅಕ್ಕೋರು ಬಿಡುತ್ತಾರೆ, ಅವರು ಕಂಪೌಂಡಿನ ಗೋಡೆಯ ಹತ್ತಿರ ಕುಳಿತು ಬರುತ್ತಾರೆ. ಎರಡನೆಯ ಇಯತ್ತೆಗೆ ಬಂದವರು ದೊಡ್ಡವರು. ಗಂಡುಹುಡುಗರಿಗೆ ಅದೇ ಗೋಡೆ ನಡೆಯುತ್ತದೆ. ಹುಡುಗಿಯರು ಬಯಲಲ್ಲಿ ಕುಳಿತರೆ ಆ ಹುಡುಗರು ಕೇಕೆ ಹಾಕುತ್ತಾರೆ. ಸಂಡಾಸಕ್ಕೆ ಬೀಗ. ಆದ್ದರಿಂದ ಎರಡನೆಯ ಇಯತ್ತೆಯಲ್ಲಿ ಕಿರುಬೆರಳು ಎತ್ತುವ ಹುಡುಗಿಯೇ ಇಲ್ಲ. ಮಧ್ಯಾಹ್ನದ ಖಿಚಡಿ ಒಣಒಣಗಿದ್ದ ದಿನ ಎರಡೇ ತುತ್ತು ತಿನ್ನಬೇಕು, ತಿಂದರೆ ನೀರಡಿಕೆಯಾಗುತ್ತದೆ. ತೀರಾ ತಡೆಯಲಾಗದಿದ್ದರೆ ಕಾಲ ಮೇಲೆ ಕಾಲು ಹಾಕಿ ಬಿಗಿಯಾಗಿ ಕೂತು ಮನಸ್ಸಿನಲ್ಲಿ ಮಗ್ಗಿ ಹೇಳಬೇಕು.

ಮಗ್ಗಿ! ರಾತ್ರಿ ಊಟದ ನಂತರ ಅವಳು ತಡವರಿಸದೆ ಮಗ್ಗಿ ಹೇಳಿದಾಗ ನಾನು ಹೆಮ್ಮೆಯಿಂದ ಬೆನ್ನು ತಟ್ಟುತ್ತಿದ್ದೆ.

ಮನೆಗೆ ಬಂದು ಸೊಸೆಗೆ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಲೂ ಇಲ್ಲ.

"ನಮಗೂ ಹಂಗ ಇತ್ತಲ್ರಿ ಅತ್ತಿ. ನಮ್ಮ ಸಾಲ್ಯಾಗ ಸಂಡಾಸ ಅನ್ನೂದ ಇರಲಿಲ್ಲ. ನಾವೇನ್ ಸತ್ತೀವೇನು?"

"ಸತ್ತಿಲ್ಲ. ಅದಕ್ಕ ನಿನ್ನ ಮಗಳಿಗೂ ಅದ ಇರ್ಲಿ ಅಂತೀ?"

"ನಾ ಹಂಗ ಅಂದಿಲ್ರಿ."

"ಮತ್ತ ಹೆಂಗ ಅಂದಿ?"

ಅವಳು ರೊಟ್ಟಿಯನ್ನು ಹೆಂಚಿಗೆ ಹಾಕಿದಳು. ನನ್ನ ಸಿಟ್ಟು ಅವಳ ಮೇಲೆ ಅಲ್ಲ ಎಂದು ಅವಳಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೂ ಆ ಮಾತು ಕೇಳಿ ಮೈ ಉರಿಯಿತು. ತಾಯಿ ತಡೆದುಕೊಂಡಿದ್ದಳು, ಆದ್ದರಿಂದ ಮಗಳೂ ತಡೆದುಕೊಳ್ಳಲಿ. ಹೀಗೆಂದು ಬಾಯಿಬಿಟ್ಟು ಯಾರೂ ಹೇಳುವುದಿಲ್ಲ, ನಡೆಸುತ್ತಾರೆ. ಹೆರಿಗೆ ವಾರ್ಡಿನಲ್ಲಿ, ಬಾಣಂತಿಯರ ಕೋಣೆಯಲ್ಲಿ, ಇದೇ ಲೆಕ್ಕವನ್ನು ನಾನು ಸರ್ವಿಸ್ ಇಡೀ ಕೇಳಿದ್ದೇನೆ. ಏಳು ವರ್ಷದ ಹುಡುಗಿಯ ಮೇಲೂ ಅದನ್ನೇ ಹಾಕುತ್ತಾರೆಂದು ತಿಳಿದಿರಲಿಲ್ಲ.

ಹುಡುಗಿ ಜ್ವರ ಇಳಿದು ಮತ್ತೆ ಸಾಲಿಗೆ ಹೋದ ದಿನ ನಾನೂ ಹೋದೆ. ಆಗ ಒಳಗೆ ಪಾಠ ನಡೆದಿತ್ತು. ಸಾಲಿ ನೋಡಲು ಚೆಂದ. ಗೋಡೆಗೆಲ್ಲ ಬಣ್ಣ, ಅಕ್ಷರ, ಹಣ್ಣು, ಪ್ರಾಣಿ. ಸಂಡಾಸದ ಗೋಡೆಗೆ ಕೈ ತೊಳೆಯುತ್ತಿರುವ ಹುಡುಗಿಯ ಚಿತ್ರ. ಬಾಗಿಲ ಮೇಲೆ ಒಂದು ಬದಿಗೆ ಕನ್ನಡದಲ್ಲಿ, ಇನ್ನೊಂದು ಬದಿಗೆ ಮರಾಠಿಯಲ್ಲಿ 'ಹೆಣ್ಣುಮಕ್ಕಳು' ಎಂದು ಬರೆದಿತ್ತು. ಎರಡರ ನಡುವೆ ಬೀಗ.

ಹೆಡ್ ಸರ್ ಗೌರವದಿಂದಲೇ ಬರಮಾಡಿಕೊಂಡರು. ಅವರ ತಾಯಿಯ ಕೊನೆಯ ಜಡ್ಡಿನಲ್ಲಿ ನಾನೇ ದಿನಾ ಹೋಗಿ ಇಂಜೆಕ್ಷನ್ ಕೊಟ್ಟಿದ್ದೆ.

"ಬರ್ರಿ ಸಿಸ್ಟರ್, ಕುಂದ್ರಿ. ಚಾ ತರಸ್ಲೇನು?"

"ಚಾ ಕುಡದ್ರ ನಾ ಎಲ್ಲಿ ಹೋಗ್ಲಿ ಸರ? ಆ ಬೀಗ ಯಾಕ ಹಾಕೀರಿ?"

ಅವರು ನಕ್ಕರು. ನಾನು ನಗಲಿಲ್ಲ. ಅವರು ನಗು ನಿಲ್ಲಿಸಿದರು.

"ಸ್ವಚ್ಛ ಸಾಲಿ ಅಂತ ಸ್ಪರ್ಧಾ ಅದರಿ. ಕಮಿಟಿಯವ್ರು ಯಾವಾಗ ಬರ್ತಾರೋ ಹೇಳಂಗಿಲ್ಲ. ತೆರದಿಟ್ರ ಹುಡುಗ್ರು ಹೊಲಸ ಮಾಡ್ತಾರ."

"ಹುಡುಗ್ರು ಹೊಲಸ ಮಾಡ್ಲಿ ಅಂತನ ಅದನ್ನ ಕಟ್ಟ್ಯಾರ್ರಿ! ಮತ್ತ ಯಾತಕ್ಕ ಕಟ್ಟ್ಯಾರ? ಕಮಿಟಿಯವ್ರು ಬಂದು ಕುಂಡ್ರಾಕೇನು?"

ಪಕ್ಕದ ಕೋಣೆಯಲ್ಲಿ ಪಾಠ ನಿಂತಿತು. ಅದು ಎರಡನೆಯ ಇಯತ್ತೆ.

"ಹಂಗಲ್ರಿ. ತೊಳಿಯೋರು ಯಾರು? ನೀರು ಎಲ್ಲಿ ಅದ?"

ಅವರ ಬೆನ್ನ ಹಿಂದಿನ ಕಿಟಕಿಯಲ್ಲಿ ಸಾಲಿಯ ಹೂದೋಟ ಕಾಣುತ್ತಿತ್ತು. ಚೆಂಡುಹೂವಿನ ಸಾಲುಗಳಿಗೆ ಪೈಪಿನ ನೀರು ಹರಿಯುತ್ತಿತ್ತು. ನಾನು ಬೆರಳು ಮಾಡಿ ತೋರಿಸಿದೆ. ಅವರು ತಿರುಗಿ ನೋಡಲಿಲ್ಲ, ಅಲ್ಲೇನಿದೆ ಎಂದು ಅವರಿಗೆ ಗೊತ್ತಿತ್ತು.

"ಕೀಲಿಕೈ ಎಲ್ಲಿ?"

ಅವರು ಕಿಸೆಯಿಂದ ಗೊಂಚಲು ತೆಗೆದರು. ಮನೆಯ ಕೀಲಿಕೈ, ಆಫೀಸಿನದು, ಮೋಟರ್‌ಸೈಕಲ್ಲಿನದು, ಅವುಗಳ ನಡುವೆ ಸಂಡಾಸದ್ದು. ಅಂದರೆ ಅವರು ಮೀಟಿಂಗಿಗೆ ಜತ್ತಕ್ಕೆ ಹೋದ ದಿನ ನಮ್ಮೂರ ಹೆಣ್ಣುಮಕ್ಕಳ ಸಂಡಾಸವೂ ಮೋಟರ್‌ಸೈಕಲ್ ಹತ್ತಿ ಜತ್ತಕ್ಕೆ ಹೋಗುತ್ತಿತ್ತು. ಆದಿತವಾರ ಅವರ ಹೊಲಕ್ಕೆ, ಹಬ್ಬಕ್ಕೆ ಅವರ ಅತ್ತೆಯ ಊರಿಗೆ.

ಆಗ ಎರಡನೆಯ ಇಯತ್ತೆಯ ಅಕ್ಕೋರು ಬಾಗಿಲಿಗೆ ಬಂದು ನಿಂತರು. ಸಣ್ಣ ವಯಸ್ಸಿನವರು, ವಿಜಯಪುರದ ಕಡೆಯಿಂದ ಬಸ್ಸಿಗೆ ಬಂದು ಹೋಗುತ್ತಾರೆ. ಮೆಲ್ಲಗೆ ಹೇಳಿದರು.

"ನಾನೂ ಕುಡಿಯಂಗಿಲ್ರಿ ಸಿಸ್ಟರ್. ಮುಂಜಾನಿ ಚಾ ಸುದ್ದ ಬಿಟ್ಟೀನಿ."

ಅಯ್ಯೋ ಪಾಪ ಎನ್ನಬೇಕಿತ್ತೇನೋ. ನನಗೆ ಸಿಟ್ಟು ದುಪ್ಪಟ್ಟಾಯಿತು.

"ಅದನ್ನ ಇಲ್ಲಿ ಬಂದು ನನಗ ಹೇಳ್ತೀರಿ. ಇವರಿಗೆ ಯಾಕ ಹೇಳಿಲ್ಲ? ಸ್ವಚ್ಛತಾ ಪಾಠ ಮಾಡೀರಿಲ್ಲೋ? ನೀರು ಎಷ್ಟು ಸಲ ಕುಡಿಬೇಕು ಅಂತ ಪ್ರಶ್ನಿ ಕೇಳೀರಿ. ನಮ್ಮ ಹುಡುಗಿ 'ಮೇಲಿಂದ ಮೇಲೆ ಕುಡಿಯಬೇಕು' ಅಂತ ಬರದಾಳ. ನೀವು ಸರಿ ಅಂತ ಗುರುತು ಹಾಕೀರಿ. ಆಕಿ ಬಾಟಲಿ ತುಂಬಿದ್ದು ತುಂಬಿದಂಗ ಮನಿಗೆ ಬಂದದ. ಆಕಿ ನಿಮ್ಮನ್ನ ನೋಡೇ ಕಲತಾಳ."

ಅಕ್ಕೋರ ಕಣ್ಣಲ್ಲಿ ನೀರು ಬಂತು. ಬರಲಿ ಎಂದುಕೊಂಡೆ. ಈಗಲೂ ಹಾಗೇ ಅನ್ನುತ್ತೇನೆ.

ಹೆಡ್ ಸರ್ ಎದ್ದು ಹೋಗಿ ಬೀಗ ತೆಗೆದರು. ಒಳಗೆ ವಾರ್ಷಿಕ ಗ್ಯಾದರಿಂಗಿನ ತೋರಣ, ಸುತ್ತಿಟ್ಟ ಚಾಪೆ, ಲೇಬಲ್ ಕೂಡ ಕಿತ್ತಿರದ ಹೊಸ ಬಕೆಟ್. ಎಲ್ಲವನ್ನೂ ಹೊರಗೆ ಹಾಕಿಸಿದೆ. ಪೈಪನ್ನು ಚೆಂಡುಹೂವಿನಿಂದ ಎಳೆದು ತಂದು ಬಕೆಟ್ ತುಂಬಿಸಿದೆ. ಅಷ್ಟರಲ್ಲಿ ಎರಡನೆಯ ಇಯತ್ತೆಯ ಹುಡುಗಿಯರು ಹೊರಗೆ ಬಂದು ಗುಂಪಾಗಿ ನಿಂತು ಇಣುಕುತ್ತಿದ್ದರು. ನನ್ನ ಮೊಮ್ಮಗಳೂ ಇದ್ದಳು.

"ಹೋಗ್ರೆ," ಎಂದೆ.

ಒಬ್ಬಳೂ ಕದಲಲಿಲ್ಲ. ಒಬ್ಬರನ್ನೊಬ್ಬರು ನೋಡಿಕೊಂಡರು. ಕಡೆಗೆ ನನ್ನ ಮೊಮ್ಮಗಳೇ ಹೇಳಿದಳು, "ಹೊಲಸ ಆಗ್ತದ, ಆಯಿ."

ಕಬ್ಬಿಣದ ಬೀಗ ತೆಗೆದಾಗಿತ್ತು, ಅವರೊಳಗೆ ಹಾಕಿದ್ದು ಹಾಗೇ ಇತ್ತು. ಅದನ್ನು ಬೈದು ತೆಗೆಯಲಾಗದು. ಹಾಗಾಗಿ ಸೀರೆ ಎತ್ತಿಕಟ್ಟಿ, "ಮೊದಲ ನಾ ಹೊಲಸ ಮಾಡ್ತೀನಿ, ನೋಡ್ರಿ" ಎಂದು ನಾನೇ ಒಳಗೆ ಹೋದೆ. ಬಾಗಿಲು ಹಾಕಿಕೊಂಡೆ. ಹೊರಗೆ ಮೊದಲು ಕಿಸಕ್ಕೆಂದು ಒಬ್ಬಳು ನಕ್ಕಳು, ನಂತರ ಎಲ್ಲರೂ. ನಾನು ಎರಡು ತಂಬಿಗೆ ನೀರು ಸುರಿದು ಹೊರಗೆ ಬಂದಾಗ ಹೆಡ್ ಸರ್ ಹೂದೋಟದ ಕಡೆ ಮುಖ ಮಾಡಿ ನಿಂತಿದ್ದರು. ಹುಡುಗಿಯರು ಬಿದ್ದುಬಿದ್ದು ನಗುತ್ತಿದ್ದರು.

"ನೋಡ್ರೆ, ಎಲ್ಲೆರೆ ಹೊಲಸ ಅದ ಏನು?"

ಒಬ್ಬ ಹುಡುಗಿ, ಎಲ್ಲರಿಗಿಂತ ಕುಳ್ಳಿ, ಒಳಗೆ ಇಣುಕಿ ನೋಡಿದಳು. ನಂತರ ಕಿರುಬೆರಳು ಎತ್ತಿದಳು. ನನಗಲ್ಲ, ಅಕ್ಕೋರಿಗೆ. ಅಕ್ಕೋರು "ಹೋಗವ್ವಾ" ಎಂದರು. ಅವಳ ಹಿಂದೆ ಸಾಲು ಹತ್ತಿತು. ನನ್ನ ಮೊಮ್ಮಗಳು ಮಾತ್ರ ಅವತ್ತು ಹೋಗಲಿಲ್ಲ.

ಹೊರಡುವ ಮೊದಲು ಕೀಲಿಕೈಯನ್ನು ಗೊಂಚಲಿನಿಂದ ಬಿಡಿಸಿ ಕೊಡಿರಿ ಎಂದೆ. ಎರಡನೆಯ ಇಯತ್ತೆಯ ಬಾಗಿಲ ಚೌಕಟ್ಟಿಗೆ, ಆ ಕುಳ್ಳಿಯ ಕೈ ನಿಲುಕುವಷ್ಟು ಎತ್ತರದಲ್ಲಿ ಒಂದು ಮೊಳೆ ಹೊಡೆಸಿದೆ.

"ಕಳದ್ರರಿ?" ಎಂದರು ಹೆಡ್ ಸರ್.

"ಕಳದ್ರ ಬೀಗ ಒಡೀರಿ. ಬೀಗ ಇಲ್ದಿದ್ರ ಇನ್ನೂ ಚಲೋ. ಹೋದವ್ರು ತಂಬಿಗಿ ನೀರು ಹಾಕ್ತಾರ. ತೊಳಿಯಾಕ ರೊಕ್ಕಾ ಕೊಟ್ಟು ಆಳು ಹಚ್ರಿ. ಹುಡುಗ್ಯಾರ ಕೈಯಾಗ ಕಸಬರಿಗಿ ಕೊಟ್ಟೀರಂದ್ರ ನಾ ಮತ್ತ ಬರ್ತೀನಿ."

ಅಕ್ಕೋರಿಗೆ ವಾರ್ಡಿನ ಪದ್ಧತಿ ಹೇಳಿಕೊಟ್ಟೆ. ಔಷಧಿಗೆ ಹೊತ್ತು ಇದ್ದಂತೆ ನೀರಿಗೂ ಹೊತ್ತು. ಗಂಟೆ ಹೊಡೆದರೆ ಎಲ್ಲರೂ ಬಾಟಲಿ ಎತ್ತಬೇಕು, ಅಕ್ಕೋರೂ ಎತ್ತಬೇಕು, ಮಕ್ಕಳ ಕಣ್ಣೆದುರೇ.

ಕಮಿಟಿ ಬರುವ ವಾರ ಮೊಳೆಯಿಂದ ಕೀಲಿಕೈ ಮಾಯವಾಗಿ ಮತ್ತೆ ಬೀಗ ಬಿತ್ತು. ಸುದ್ದಿಯನ್ನು ಸಂಜೆ ಮತ್ತೆ ಕೆಸರಾದ ಕರಿಬೇವಿನ ಬುಡ ನನಗೆ ಹೇಳಿತು. ಮರುದಿನವೇ ಹೋದೆ. ಈ ಸಲ ಹೆಡ್ ಸರ್ ಚಹದ ಮಾತು ತೆಗೆಯಲಿಲ್ಲ, ಎದ್ದು ಬಂದು ಬೀಗ ತೆಗೆದರು. ಕಮಿಟಿ ಬಂದಾಗ ನೆಲ ಒದ್ದೆಯಾಗಿತ್ತಂತೆ, ಮೂಲೆಯಲ್ಲಿ ಮಣ್ಣಿನ ಹೆಜ್ಜೆಗಳಿದ್ದವಂತೆ. ಬಹುಮಾನ ಬೇರೆ ಊರಿಗೆ ಹೋಯಿತು. ನನ್ನಿಂದ ತಪ್ಪಿತು ಎಂದು ಊರಲ್ಲಿ ಕೆಲವರು ಈಗಲೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಆ ಹೆಜ್ಜೆಗಳು ಏಳು ವರ್ಷದ ಹುಡುಗಿಯರವು.

ಮೊಮ್ಮಗಳು ಕಲಿತದ್ದನ್ನು ಬಿಡಲು ವರ್ಷದ ಉಳಿದ ಭಾಗವೆಲ್ಲ ಹಿಡಿಯಿತು. ಮೊದಲು ಒಂದು ಗುಟುಕು, ಆಮೇಲೆ ಅರ್ಧ ಬಾಟಲಿ. ಪರೀಕ್ಷೆಯ ಹೊತ್ತಿಗೆ ಬಾಟಲಿ ಬರಿದಾಗಿ ಬರತೊಡಗಿತು. ಕರಿಬೇವು ಸೊರಗಿತು ಎಂದು ಸೊಸೆ ಹೇಳಿದಳು. ಹೇಳಿ, ಮಗಳ ಬಾಟಲಿಯನ್ನು ತಲೆಕೆಳಗೆ ಮಾಡಿ ನೋಡಿ, ಅಡಿಗೆಮನೆಗೆ ಹೋದಳು.

ಈಗಲೂ ಸಂಜೆ ಗಿಡಗಳಿಗೆ ನೀರು ಹಾಕುವ ಮೊದಲು ಆ ಬುಡಕ್ಕೆ ಬೆರಳು ಹಚ್ಚಿ ನೋಡುತ್ತೇನೆ. ಹೆಚ್ಚಿನ ದಿನ ಒಣಗಿರುತ್ತದೆ, ಅದರ ಪಾಲಿನ ತಂಬಿಗೆ ಹಾಕುತ್ತೇನೆ. ಒದ್ದೆಯಿದ್ದರೆ ಹಾಕುವುದಿಲ್ಲ. ಮರುದಿನ ಬೆಳಿಗ್ಗೆ ಮೊಮ್ಮಗಳ ಜೊತೆ ನಾನೂ ಚಪ್ಪಲಿ ಮೆಟ್ಟಿ ಸಾಲಿಗೆ ನಡೆಯುತ್ತೇನೆ.