ಎನಿಡ್ ಗೇಟಿಗೆ ಅಡ್ಡ ನಿಲ್ಲಿಸಿದ ಕಾರು

ನಮ್ಮ ಹಳೇ ಕಾರುಗಳ ಸಂಘದಲ್ಲಿ ಚಹಾ ಕಾಯಿಸುವ ಕೆಲಸ ನನ್ನದು. ಕಾರಿನ ಹುಚ್ಚು ನನ್ನ ಗಂಡನದು, ನನ್ನದಲ್ಲ. ಆದರೆ ಕೆಟಲಿನ ಹಿಂದೆ ನಿಂತವಳಿಗೆ ಎಲ್ಲರ ಮಾತೂ ಕೇಳಿಸುತ್ತದೆ. ಅದಕ್ಕೇ ಎನಿಡ್ ಸಟ್‌ಕ್ಲಿಫ್ ಬಗ್ಗೆ ಊರಲ್ಲಿ ಓಡಾಡುತ್ತಿರುವ ಅರ್ಧಂಬರ್ಧ ಕತೆ ಕಿವಿಗೆ ಬಿದ್ದಾಗೆಲ್ಲ ನನಗೆ ಮೈ ಉರಿಯುತ್ತದೆ. ಸೋತುಹೋದಳಂತೆ! ಯಾರು ಸೋತಿದ್ದು? ನಾನು ಆವತ್ತು ಆ ಹೊಲದಲ್ಲೇ ಇದ್ದೆ, ನನ್ನನ್ನು ಕೇಳಿ.

ಎನಿಡ್ ಈ ಊರಿನ ಶಾಲಾ ಬಸ್ಸು ಓಡಿಸಿದವಳು. ನಮ್ಮ ಯಾರ್ಕ್‌ಷರ್‌ನಲ್ಲಿ ಇಳಿಜಾರಿಗೇನೂ ಬರವಿಲ್ಲ, ಆದರೂ ಚರ್ಚ್ ಬ್ಯಾಂಕ್ ರಸ್ತೆ ಅಂದರೆ ಹೊರಗಿನವರು ಎರಡು ಸಲ ಯೋಚಿಸುತ್ತಾರೆ. ಅಂಥ ಇಳಿಜಾರಿನಲ್ಲಿ ಹಿಮ ಬಿದ್ದ ದಿನವೂ ನಮ್ಮ ಮಕ್ಕಳನ್ನೆಲ್ಲ ಕರೆದೊಯ್ದು ಕರೆತಂದ ಹೆಂಗಸು. ಮದುವೆಯಾಗಲಿಲ್ಲ. ಅವಳಿಗೆ ಇದ್ದದ್ದು ಅಕ್ಕ ಮೇವಿಸ್, ಮತ್ತೆ ಒಂದು ಹಸಿರು ಮಾರಿಸ್ ಆಕ್ಸ್‌ಫರ್ಡ್ ಕಾರು. ಮೇವಿಸ್ ಈಗ ವೃದ್ಧಾಶ್ರಮದಲ್ಲಿದ್ದಾಳೆ, ಕಾಲು ಹೋಗಿವೆ, ನಾಲಿಗೆ ಮಾತ್ರ ಮೊದಲಿನಷ್ಟೇ ಚುರುಕು.

ನಲವತ್ತು ವರ್ಷ ದಾಟಿದ ಕಾರಿಗೆ ವರ್ಷ ವರ್ಷ ತಪಾಸಣೆ ಬೇಡ ಎಂದು ಸರ್ಕಾರ ವಿನಾಯಿತಿ ಕೊಟ್ಟಾಗ ನಮ್ಮವರು ಪಬ್ಬಿನ ಹಿಂದಿನ ಕೋಣೆಯಲ್ಲಿ ಕುಣಿದದ್ದೇ ಕುಣಿದದ್ದು. ಎನಿಡ್ ಮಾತ್ರ ಎಂದಿನಂತೆ ತನ್ನ ಕಾರನ್ನು ಷಫೀಕನ ಗ್ಯಾರೇಜಿಗೆ ಒಯ್ದಳು. ಷಫೀಕ್ ಅವಳ ಬಸ್ಸಿನಲ್ಲೇ ಓಡಾಡಿ ಬೆಳೆದ ಹುಡುಗ. ಈಗ ಅವನ ಗಡ್ಡವೂ ನರೆತಿದೆ.

"ಬೇಡ ಅಂತ ಅವರೇ ಹೇಳಿದ್ಮೇಲೆ ಯಾಕಮ್ಮಾ ಈ ಪರದಾಟ?" ಎಂದು ಕೆಣಕಿದವನು ಸಂಘದ ಅಧ್ಯಕ್ಷ ಡೆಸ್ಮಂಡ್ ಹೆಪ್‌ವರ್ತ್. ಅವನದು ಬೂದು ಬಣ್ಣದ ರೋವರ್. ಅದಕ್ಕೆ ಅವನು ಹಚ್ಚುವಷ್ಟು ಪಾಲಿಶನ್ನು ನಾನು ನನ್ನ ಜನ್ಮದಲ್ಲಿ ಯಾವುದಕ್ಕೂ ಹಚ್ಚಿಲ್ಲ. "ನಮ್ಮ ಕಾರು ನಮಗೆ ಗೊತ್ತಿಲ್ವಾ? ಸಣ್ಣ ಸದ್ದು ಬಂದ್ರೂ ನನಗೆ ನಿದ್ದೆಯಲ್ಲೂ ಎಚ್ಚರ ಆಗುತ್ತೆ."

"ಗೊತ್ತಿರೋದೇ ತೊಂದ್ರೆ ಕಣೋ," ಎಂದಳು ಎನಿಡ್. "ಮುದ್ದು ಮಾಡೋರ ಕಣ್ಣಿಗೆ ತುಕ್ಕು ಕಾಣಲ್ಲ. ನೋಡೋಕೆ ಬೇರೆಯವನೇ ಬೇಕು."

ಅವಳು ಹೇಳಿದ್ದು ನಿಜವೇ ಆಯಿತು. ಹೋದ ವರ್ಷ ಬೇಸಿಗೆಯಲ್ಲಿ ಷಫೀಕ್ ಅವಳ ಕಾರಿನ ಅಡಿಗೆ ಹೋಗಿ ಬಾಗಿಲ ಕೆಳಗಿನ ತಗಡನ್ನು ಒತ್ತಿದ. ಬೆರಳು ಒಳಗೇ ಹೋಯಿತು. "ಆಂಟಿ, ಇದು ರಸ್ತೆಗೆ ಇಳಿಯೋ ಹಾಗಿಲ್ಲ," ಎಂದ. ಎನಿಡ್ ಪ್ರತಿ ಭಾನುವಾರ ಕೈಯಾರೆ ಒರೆಸುತ್ತಿದ್ದ ಕಾರು ಅದು! ಅವಳು ಅದನ್ನು ಅಲ್ಲೇ ಬಿಟ್ಟು ನಡೆದುಕೊಂಡು ಮನೆಗೆ ಬಂದಳು.

ಹಾಗಾಗಿ ಆ ವರ್ಷದ ಆಗಸ್ಟ್ ಸವಾರಿಯಲ್ಲಿ ಮೇವಿಸ್ ಡೆಸ್ಮಂಡನ ರೋವರಿನಲ್ಲಿ ಕೂರಬೇಕಾಯಿತು. ವರ್ಷಕ್ಕೊಮ್ಮೆ ನಮ್ಮ ಸಂಘದವರು ವೃದ್ಧಾಶ್ರಮದ ಮಂದಿಯನ್ನು ಹಳೇ ಕಾರುಗಳಲ್ಲಿ ಕೂರಿಸಿಕೊಂಡು ಚರ್ಚ್ ಬ್ಯಾಂಕ್ ಇಳಿದು ಕೆರೆಯ ದಂಡೆಗೆ ಕರೆದೊಯ್ಯುತ್ತಾರೆ. ಅಲ್ಲಿ ಚಹಾ, ಬನ್ನಿನಂಥ ಸ್ಕೋನು, ಜಾಮು. ಆ ಮಂದಿಗೆ ವರ್ಷದಲ್ಲಿ ಅದೊಂದೇ ಹೊರಗಿನ ಗಾಳಿ. ಇಳಿಜಾರಿನ ನಡುವೆ ರೋವರಿನ ಬ್ರೇಕು ಕೈಕೊಟ್ಟಿತು. ಕಾರು ಸೀದಾ ಹೋಗಿ ಗಿಡದ ಬೇಲಿಗೆ ನುಗ್ಗಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಮೇವಿಸ್ ತಲೆಗೂದಲಿನಿಂದ ಎಲೆ ಕೀಳುತ್ತಾ ನಕ್ಕಳು. ಡೆಸ್ಮಂಡ್ "ಸ್ವಲ್ಪ ಎಣ್ಣೆ ಸೋರಿತ್ತು ಅಷ್ಟೇ" ಎಂದು ನಕ್ಕ. ಎಲ್ಲರೂ ನಕ್ಕರು. ಎನಿಡ್ ನಗಲಿಲ್ಲ. ಬೇಲಿಯಾಚೆ ಕಲ್ಲಿನ ಗೋಡೆ ಇರುವುದು ಬಸ್ಸು ಓಡಿಸಿದವಳಿಗೆ ಗೊತ್ತಿತ್ತು.

ಈ ವರ್ಷ ಸಭೆಯಲ್ಲಿ ಎದ್ದು ನಿಂತು ಹೇಳಿದಳು: "ನೀವು ನೀವೇ ಹೋಗೋದಾದ್ರೆ ಹಾಳಾಗಿ ಹೋಗಿ, ನಾನು ಕೇಳಲ್ಲ. ಆಶ್ರಮದವರನ್ನ ಕೂರಿಸ್ಕೊಳ್ಳೋ ಕಾರು ಮಾತ್ರ ತಪಾಸಣೆ ಆಗಿರಬೇಕು."

ಅಯ್ಯೋ, ಆ ಗದ್ದಲ! ಸ್ವಾತಂತ್ರ್ಯ ಅಂದರು, ನಂಬಿಕೆ ಅಂದರು. ತಪಾಸಣೆ ಮಾಡುವ ಈ ಹೊಸ ಹುಡುಗರಿಗೆ ಹಳೇ ಕಾರಿನ ಬಗ್ಗೆ ಏನು ಗೊತ್ತು ಎಂದರು. ಕೈ ಎತ್ತಿಸಿದಾಗ ಎನಿಡ್ ಪರವಾಗಿ ಎದ್ದದ್ದು ಅವಳದೇ ಒಂದು ಕೈ. ನನ್ನ ಗಂಡನ ಕೈ ಮೇಜಿನ ಕೆಳಗಿತ್ತು. ಆ ವಿಷಯ ಮನೆಯಲ್ಲಿ ನಾನು ಅವನ ಹತ್ತಿರ ಆಮೇಲೆ ಮಾತಾಡಿದೆ.

ಸವಾರಿಯ ಭಾನುವಾರ ಬಂತು. ಕಾರುಗಳೆಲ್ಲ ಹೊಲದಲ್ಲಿ ಸಾಲಾಗಿ ನಿಂತಿದ್ದವು. ಆಶ್ರಮದ ವ್ಯಾನು ಮುದುಕ ಮುದುಕಿಯರನ್ನು ಗೇಟಿನ ಹೊರಗೆ ಇಳಿಸಿತ್ತು. ಪಕ್ಕದ ಊರಿನಿಂದ ಒಂದು ಐಸ್‌ಕ್ರೀಮ್ ಮಾರುವ ಮೋಟಾರು ಗಾಡಿಯೂ ಬಂದಿತ್ತು. ಆಗ ಎನಿಡ್, ಷಫೀಕ್ ತಗಡು ಬದಲಿಸಿ ತಪಾಸಣೆ ಮಾಡಿಕೊಟ್ಟಿದ್ದ ತನ್ನ ಮಾರಿಸ್ ತಂದು ಗೇಟಿಗೆ ಅಡ್ಡಲಾಗಿ ನಿಲ್ಲಿಸಿದಳು. ಎಂಜಿನ್ ಆರಿಸಿದಳು. ಇಳಿದು, ಬೀಗ ಹಾಕಿ, ಕೀಲಿಯನ್ನು ಕೋಟಿನ ಜೇಬಿಗೆ ಹಾಕಿಕೊಂಡಳು.

"ಎನಿಡ್, ತೆಗಿ ಅದನ್ನ," ಎಂದ ಡೆಸ್ಮಂಡ್.

"ತೆಗೆಯಲ್ಲ. ತಪಾಸಣೆ ಕಾಗದ ತೋರಿಸಿದೋರು ಹೋಗಲಿ."

"ಇದೇನು ನಿನ್ನಪ್ಪನ ಹೊಲನಾ?"

"ಅಲ್ಲ. ಕಾರಲ್ಲಿ ಕೂರೋಳು ನನ್ನ ಅಕ್ಕ."

ನಾಲ್ಕು ಜನ ಬಂದು ಬೇಡಿದರು, ಇಬ್ಬರು ಗದರಿದರು. ಜಪ್ಪಯ್ಯ ಅಂದರೂ ಹೆಂಗಸು ಕದಲಲಿಲ್ಲ. ಡೆಸ್ಮಂಡನ ಮುಖ ಕೆಂಪಗಾಯಿತು. ಆಗ ಅವನ ಬಾಯಿಂದ ಆ ಮಾತು ಬಂತು.

"ಎಲ್ಲರ ಕಾರಿಗೂ ತಪಾಸಣೆ ಬೇಕು ಅಂತೀಯಲ್ಲ, ನಿನಗೆ ಯಾರು ಮಾಡಿದಾರೆ ತಪಾಸಣೆ? ವಯಸ್ಸೆಷ್ಟು ನಿಂದು? ಬಾ ಇಲ್ಲಿ. ಐದು ಕಾರಿನ ಉದ್ದ ದೂರ ನಿಂತು ನಂಬರ್ ಓದಬೇಕು ಅಂತ ಕಾನೂನೇ ಇದೆ. ಓದು ನೋಡೋಣ! ಓದಿದ್ರೆ ಈ ಹೊಲದಿಂದ ಒಂದು ಕಾರೂ ಹೊರಡಲ್ಲ. ಓದದಿದ್ರೆ ಕೀಲಿ ಕೊಟ್ಟು ಪಕ್ಕಕ್ಕೆ ಹೋಗು."

ಎನಿಡ್ ತಲೆ ಎತ್ತಿ ನಡೆದು ಹೋಗಿ ಅವನು ತೋರಿಸಿದ ಜಾಗದಲ್ಲಿ ನಿಂತಳು. ಡೆಸ್ಮಂಡ್ ಕೋಪದ ಭರದಲ್ಲಿ ತನ್ನ ರೋವರಿನ ಕಡೆಗೇ ಬೆರಳು ತೋರಿಸಿದ. ಎನಿಡ್ ಕಣ್ಣು ಕಿರಿದು ಮಾಡಿದಳು.

"ಯು, ಎಚ್, ಡಿ. ಎಂಟು, ಆರು, ಎರಡು," ಎಂದಳು, ಗಟ್ಟಿಯಾಗಿ, ಒಂದಿಷ್ಟೂ ತಡವರಿಸದೆ.

ಗೇಟಿನಾಚೆಯಿಂದ ಚಪ್ಪಾಳೆ ಬಿತ್ತು. ಗಾಲಿಕುರ್ಚಿಯಲ್ಲಿ ಕೂತಿದ್ದ ಮೇವಿಸ್ ಬೆರಳಿಟ್ಟು ಸಿಳ್ಳೆ ಹೊಡೆದಳು. ನಾನೂ ಚಮಚ ತೆಗೆದುಕೊಂಡು ಕೆಟಲು ಬಡಿದೆ. ಡೆಸ್ಮಂಡ್ ಇಂಗು ತಿಂದ ಮಂಗನ ಹಾಗೆ ನಿಂತಿದ್ದ. ಗೆದ್ದಿದ್ದಳು, ನೋಡಿ. ಕತೆ ಅಲ್ಲಿಗೇ ಮುಗಿಯಬೇಕಿತ್ತು. ಬೇರೆ ಯಾರಾಗಿದ್ದರೂ ಮುಗಿಸುತ್ತಿದ್ದರು.

ಎನಿಡ್ ಇದ್ದಲ್ಲೇ ನಿಂತಿದ್ದಳು. ಚಪ್ಪಾಳೆ ನಿಲ್ಲಲಿ ಎಂಬಂತೆ ಕೈ ಎತ್ತಿದಳು.

"ನಾನು ಓದಲಿಲ್ಲ," ಎಂದಳು.

"ಏನಂದೆ?"

"ನಂಬರು ಕಾಣಲಿಲ್ಲ ಕಣೋ. ಮಂಜು ಮಂಜಾಗಿತ್ತು. ಬಾಯಿ ತಾನೇ ಹೇಳಿಬಿಡ್ತು."

ಆಗ ಎಲ್ಲರಿಗೂ ಹೊಳೆಯಿತು. ನಮ್ಮ ಮಂದಿ ಮೊಮ್ಮಕ್ಕಳ ಹೆಸರು ಮರೆತಾರು, ಸಂಘದ ಕಾರುಗಳ ನಂಬರು ಮರೆಯುವವರಲ್ಲ. ಡೆಸ್ಮಂಡನ ರೋವರ್ ನಂಬರು ನನಗೇ ಬಾಯಿಪಾಠ. ಆ ದಡ್ಡನಿಗೂ ಹೊಳೆದಿರಲಿಲ್ಲ, ನಮಗೂ ಹೊಳೆದಿರಲಿಲ್ಲ.

"ಗೊತ್ತಿಲ್ಲದ ಗಾಡಿ ಬೇಕು," ಎಂದು ಎನಿಡ್ ತಾನೇ ಐಸ್‌ಕ್ರೀಮ್ ಗಾಡಿಯ ಕಡೆ ತಿರುಗಿ, ಅಷ್ಟೇ ದೂರದಲ್ಲಿ ನಿಂತಳು. ತುಂಬ ಹೊತ್ತು ನೋಡಿದಳು. ಸುಮ್ಮನೆ ಏನಾದರೂ ಹೇಳಿಬಿಡೇ ತಾಯಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

"ಹಳದಿ ನಂಬರ್ ಪಟ್ಟಿ ಕಾಣುತ್ತೆ," ಎಂದಳು. "ಅಕ್ಷರ ಕಾಣಲ್ಲ."

ಡೆಸ್ಮಂಡ್ ಕೈ ಚಾಚಿದ. ಮಾತಿನ ಪ್ರಕಾರ ಕೀಲಿ ಅವನಿಗೆ ಬರಬೇಕಿತ್ತು. ಎನಿಡ್ ಆ ಕೈಯನ್ನು ನೋಡಿದಳು. ಆಮೇಲೆ ಅವಳ ದನಿ ಏರಿತು, ಹಿಂದೆ ಬಸ್ಸಿನಲ್ಲಿ ಗಲಾಟೆ ಮಾಡಿದ ಮಕ್ಕಳನ್ನು ಕೂರಿಸುತ್ತಿದ್ದ ದನಿ.

"ಎಪ್ಪತ್ತು ದಾಟಿದ ಮೇಲೆ ಮೂರು ವರ್ಷಕ್ಕೊಮ್ಮೆ ಲೈಸೆನ್ಸ್ ಕೊಡೋರಿಗೆ ನಾನೇ ಹೇಳಿ ಕಳಿಸ್ತೀನಿ, ನನ್ನ ಕಣ್ಣು ಚೆನ್ನಾಗಿದೆ ಅಂತ. ಅವರು ನಂಬ್ತಾರೆ. ಯಾರೂ ಬಂದು ನೋಡಲ್ಲ. ನಾನು ಸುಳ್ಳು ಹೇಳಿರಲಿಲ್ಲ ಡೆಸ್ಮಂಡ್, ಚೆನ್ನಾಗಿದೆ ಅಂತಲೇ ಅಂದ್ಕೊಂಡಿದ್ದೆ! ಇವತ್ತು ನೀನು ಕೇಳಿದೆ, ಗೊತ್ತಾಯ್ತು. ನಿನ್ನ ಬ್ರೇಕನ್ನ ಯಾರು ಕೇಳಿದಾರೆ? ನಾನು ಇವತ್ತಿಂದ ಓಡಿಸಲ್ಲ. ಕಣ್ಣಿನ ಡಾಕ್ಟರ್ ನೋಡಿ ಹೇಳೋವರೆಗೂ ಓಡಿಸಲ್ಲ. ಈಗ ನೀನು ಹೇಳು. ನೀನೇನು ಬಿಡ್ತೀಯ?"

ಡೆಸ್ಮಂಡನ ಕೈ ನಿಧಾನವಾಗಿ ಕೆಳಗಿಳಿಯಿತು. ಆದರೆ ಗೇಟಿಗೆ ಅಡ್ಡವಾಗಿ ಕಾರು ಹಾಗೇ ನಿಂತಿತ್ತು. ಅದನ್ನು ಕದಲಿಸಬೇಕಾದವಳು ಈಗ ಸ್ಟೀರಿಂಗ್ ಮುಟ್ಟುವುದಿಲ್ಲ ಎನ್ನುತ್ತಿದ್ದಾಳೆ! ನನಗೆ ಅಳುವೂ ಬಂತು, ನಗುವೂ ಬಂತು. ನಾನೇ ಷಫೀಕನಿಗೆ ಫೋನ್ ಮಾಡಿದೆ.

ಅವನು ಊಟದ ಮಧ್ಯೆ ಎದ್ದು ಬಂದಿದ್ದ, ಕೈ ಇನ್ನೂ ಒದ್ದೆ. ವಿಷಯ ಕೇಳಿ ಅವನ ಮುಖ ಸಣ್ಣದಾಯಿತು. "ಕೊಡಿ ಆಂಟಿ ಕೀಲಿ," ಎಂದ ಮೆಲ್ಲಗೆ.

"ಮೊದಲು ಆ ಗಾಡಿ ನಂಬರ್ ಓದು," ಎಂದಳು ಎನಿಡ್.

"ನಾನಾ? ಆಂಟಿ, ತಪಾಸಣೆ ಮಾಡೋನೇ ನಾನು!"

"ಅದಕ್ಕೇ ಹೇಳ್ತಿರೋದು. ಓದು."

ಷಫೀಕ್ ಶಾಲೆಯ ಹುಡುಗನಂತೆ ನೆಟ್ಟಗೆ ನಿಂತು ಒಂದೊಂದೇ ಅಕ್ಷರ ಓದಿದ. ಐಸ್‌ಕ್ರೀಮಿನವನು ಸರಿ ಎಂದು ತಲೆಯಾಡಿಸಿದ. ಎನಿಡ್ ಕೀಲಿಯನ್ನು ಅವನ ಅಂಗೈಯಲ್ಲಿಟ್ಟಳು. ಅವನ ಬೆರಳುಗಳನ್ನು ಮಡಚಿ, ತನ್ನ ಕೈಯನ್ನು ಅದರ ಮೇಲೆ ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಿದ್ದಳು.

ಆವತ್ತು ಮೇವಿಸ್ ಬಿಟ್ಟು ಉಳಿದ ಆಶ್ರಮದವರು ತಮ್ಮ ವ್ಯಾನಿನಲ್ಲೇ ಕೆರೆಗೆ ಹೋದರು. ಹಳೇ ಕಾರೆಂದು ಹೊರಟದ್ದು ಮಾರಿಸ್ ಒಂದೇ. ಮುಂದಿನ ವಾರ ರೋವರ್ ಷಫೀಕನ ಅಂಗಳದಲ್ಲಿ ನಾಲ್ಕೂ ಚಕ್ರ ಬಿಚ್ಚಿಸಿಕೊಂಡು ನಿಂತಿತ್ತು. ಬಣ್ಣ ಹೊಡೆಸಲು ಬಿಟ್ಟಿದ್ದೇನೆ ಎಂದು ಡೆಸ್ಮಂಡ್ ಹೇಳಿಕೊಂಡು ತಿರುಗಿದ. ಬಣ್ಣಕ್ಕೆ ಚಕ್ರ ಯಾಕೆ ಬಿಚ್ಚಬೇಕೋ ಎಂದು ನಾನು ಕೇಳಲಿಲ್ಲ, ಅವನ ಚಹಾಕ್ಕೆ ಸಕ್ಕರೆ ಹಾಕಿ ಕೊಟ್ಟೆ. ನನ್ನ ಗಂಡನ ಕಾರಂತೂ ರೋವರಿಗಿಂತ ಮೊದಲೇ ಆ ಅಂಗಳಕ್ಕೆ ಹೋಗಿತ್ತು, ನಾನು ಕಳಿಸಿದ್ದೆ.

ಆವತ್ತು ಕೆರೆಗೆ ಹೊರಡಲು ಮಾರಿಸ್‌ಗೆ ಹತ್ತುವಾಗ ಎನಿಡ್ ಅಭ್ಯಾಸಬಲದಿಂದ ಸ್ಟೀರಿಂಗ್ ಕಡೆಯ ಬಾಗಿಲಿಗೆ ಕೈ ಹಾಕಿದಳು. ತಕ್ಷಣ ಕೈ ಹಿಂದಕ್ಕೆ ತೆಗೆದುಕೊಂಡಳು. ಹೋಗಿ ಹಿಂದೆ, ಮೇವಿಸ್ ಪಕ್ಕದಲ್ಲಿ ಕೂತಳು. ನಾನು ಮುಂದೆ, ಷಫೀಕನ ಪಕ್ಕ, ಮಡಿಲಲ್ಲಿ ಸ್ಕೋನಿನ ಡಬ್ಬಿ.

"ಅಪ್ಪನ ಕಾಲದಲ್ಲಿ ನಾವಿಬ್ಬರೂ ಹಿಂದೆ ಕೂರ್ತಿದ್ವಲ್ಲೇ," ಎಂದಳು ಮೇವಿಸ್. "ಆಮೇಲೆ ನೀನು ಸ್ಟೀರಿಂಗ್ ಹಿಡಿದೋಳು ರಸ್ತೆ ಬಿಟ್ಟು ಬೇರೇನೂ ನೋಡಲಿಲ್ಲ. ಇನ್ನಾದ್ರೂ ಕಿಟಕಿಯಾಚೆ ನೋಡು."

"ನೋಡೋಕೆ ಕಣ್ಣೆಲ್ಲಿದೆಯೇ? ನೀನು ಹೇಳ್ತಾ ಹೋಗು, ನಾನು ಕೇಳ್ತೀನಿ."

ಮೇವಿಸ್ ಹೇಳತೊಡಗಿದಳು. ಕುರಿಗಳು, ಚರ್ಚಿನ ಗಡಿಯಾರ, ಯಾರದೋ ಒಣಹಾಕಿದ ಹಾಸಿಗೆ ಬಟ್ಟೆ. ಕಾರು ಚರ್ಚ್ ಬ್ಯಾಂಕ್ ಇಳಿಯಲು ಶುರುಮಾಡಿತು. ನಾನು ತಿರುಗಿ ನೋಡಿದೆ. ಎನಿಡ್ ಅಕ್ಕನ ಮಾತಿಗೆ ಹೂಂ ಹೂಂ ಎನ್ನುತ್ತಿದ್ದಳು, ಬಲಗಾಲನ್ನು ಮಾತ್ರ ಬ್ರೇಕ್ ತುಳಿದ ಹಾಗೆ ನೆಲಕ್ಕೆ ಒತ್ತಿ ಹಿಡಿದಿದ್ದಳು. ಕೆರೆ ಬರುವವರೆಗೂ ಅದನ್ನು ಬಿಡಲಿಲ್ಲ.