ಅವಳ ಡಬ್ಬಿಯೊಳಗಿನ ರಟ್ಟು

ಮಕ್ಕಳೇ, ಸತ್ತವರು ಬಂದು ಹೋಗುತ್ತಾರೆ ಎಂಬ ಮಾತನ್ನು ನಾನು ನಂಬಿದವಳಲ್ಲ. ಪಿತೃಪಕ್ಷದಲ್ಲಿ ಎಡೆ ಇಟ್ಟಾಗ ಕಾಗೆ ಬಂದು ಮುಟ್ಟಿದರೆ ಅದಕ್ಕೆ ಹಸಿವಾಗಿತ್ತು ಎಂದುಕೊಳ್ಳುತ್ತಿದ್ದೆ. ಜೋರಾಗಿ ಹೇಳುವ ಧೈರ್ಯ ಇರಲಿಲ್ಲ, ಅಷ್ಟೇ. ಇದನ್ನೂ ಬಾಯಿಬಿಟ್ಟು ಹೇಳಲು ನಾಚಿಕೆಯಾಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಇದರಲ್ಲಿ ದೆವ್ವ ಇದೆಯೋ ಇಲ್ಲವೋ ಗೊತ್ತಿಲ್ಲ. ಹೊಟ್ಟೆಕಿಚ್ಚು ಮಾತ್ರ ಇದೆ.

ಪೀಣ್ಯದ ಕಡೆ ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲ. ಲಗ್ಗೆರೆಯ ಸಣ್ಣದೊಂದು ರಕ್ತಪರೀಕ್ಷೆ ಕೇಂದ್ರದಲ್ಲಿ ನಾನು ನೆಲ ಒರೆಸುತ್ತಿದ್ದೆ. ಅಲ್ಲಿ ತೆಗೆದ ರಕ್ತವನ್ನು ಜಾಲಹಳ್ಳಿಯ ದೊಡ್ಡ ಲ್ಯಾಬಿಗೆ ಒಯ್ಯುವ ಕೆಲಸ ನಿಮ್ಮ ತಾತನದು. ಅದಕ್ಕೂ ಮೊದಲು ಅವರು ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯಲ್ಲಿದ್ದವರು. ಥರ್ಮಾಕೋಲ್ ಡಬ್ಬಿಯಲ್ಲಿ ಐಸ್ ಪ್ಯಾಕಿಗೂ ರಕ್ತದ ಟ್ಯೂಬುಗಳಿಗೂ ನಡುವೆ ಒಂದು ರಟ್ಟು ಇಡುತ್ತಿದ್ದರು. ಅದರ ಮೂಲೆಗಳನ್ನು ಒಳಕ್ಕೆ ಮಡಚಿ, ಒಂದರ ಹೊಟ್ಟೆಯೊಳಗೆ ಇನ್ನೊಂದನ್ನು ಸಿಕ್ಕಿಸುತ್ತಿದ್ದರು. ಗೋಂದು ಬೇಡ, ಟೇಪು ಬೇಡ. ನಾನು ಎಷ್ಟು ಸಲ ಪ್ರಯತ್ನಿಸಿದರೂ ಬಿಚ್ಚಿಕೊಳ್ಳುತ್ತಿತ್ತು. ಕಲಿಸಿ ಎಂದರೆ, “ನಿಂಗ್ಯಾಕೆ, ನಾನಿದ್ದೀನಲ್ಲ” ಎನ್ನುತ್ತಿದ್ದರು. ಟ್ಯೂಬುಗಳು ಅಲ್ಲಾಡದಿರಲೆಂದು ಆ ರಟ್ಟು ಇಡುತ್ತಾರೆ ಎಂದೇ ತಿಳಿದಿದ್ದೆ.

ಅವರು ತೀರಿಹೋದ ಮೇಲೆ ಸ್ವಲ್ಪ ಕಾಲ ನಮ್ಮ ಕೇಂದ್ರದ ಡಾಕ್ಟರಮ್ಮನ ಕಾರಿನಲ್ಲೇ ಡಬ್ಬಿ ಹೋಗುತ್ತಿತ್ತು. ಆಮೇಲೆ ಲ್ಯಾಬಿನವರು, ಸಿಕ್ಕಸಿಕ್ಕವರ ಕೈಲಿ ಕಳಿಸಬೇಡಿ, ಕೆಲಸ ಬಲ್ಲವರನ್ನೇ ಗೊತ್ತು ಮಾಡಿ ಎಂದರು. ಹುಟ್ಟಿದಾಗಿನಿಂದ ಯಾರ ಬಳಿಯೂ ಏನನ್ನೂ ಕೇಳದ ನಾನು ಅಂದು ಡಾಕ್ಟರಮ್ಮನ ಮುಂದೆ ನಿಂತು, ಆ ಕೆಲಸ ನನಗೇ ಕೊಡಿ ಎಂದೆ. ಅದು ನಮ್ಮ ಮನೆಯ ಕೆಲಸ ಎಂದು ನನ್ನ ಭಾವನೆ.

ಆದರೆ ಶಿವಲೀಲಾ ಕೂಡ ಕೇಳಿದ್ದಳು. ಹಾವೇರಿ ಕಡೆಯವಳು, ನಿಮ್ಮ ತಾತ ಹೋದ ಮೇಲೆ ಈ ಊರಿಗೆ ಬಂದು ನಮ್ಮ ಕೇಂದ್ರಕ್ಕೆ ಸೇರಿದವಳು. ಅವಳಿಗೆ ಸ್ಕೂಟಿ ಇತ್ತು, ತರಬೇತಿಯ ಸರ್ಟಿಫಿಕೇಟ್ ಇತ್ತು. ಇದೆಲ್ಲ ನನಗೆ ಅಷ್ಟು ಚುಚ್ಚಲಿಲ್ಲ. ಅವಳ ಗಂಡ ಫ್ಯಾಕ್ಟರಿಗೆ ಹೋಗುವ ಮೊದಲು ಗಾಡಿಯ ಗಾಳಿ ಒತ್ತಿ ನೋಡಿ, “ಹುಷಾರ್ ಹೋಗು ಲೇ” ಎನ್ನುತ್ತಿದ್ದನಲ್ಲ, ಅದು ಚುಚ್ಚುತ್ತಿತ್ತು. ಅವಳು ಟ್ಯೂಬುಗಳಿಗೆ ಹೆಸರು ಅಂಟಿಸುವಾಗ ಬಳೆ ಸದ್ದು ಮಾಡಿದರೂ ಚುಚ್ಚುತ್ತಿತ್ತು.

ಡಾಕ್ಟರಮ್ಮ ಇಬ್ಬರನ್ನೂ ಪರೀಕ್ಷಿಸುವುದೆಂದು ತೀರ್ಮಾನಿಸಿದರು. ರೋಗಿಗಳ ರಕ್ತ ಹಾಳಾಗುವುದು ಬೇಡವೆಂದು ತಮ್ಮದೇ ರಕ್ತ ತೆಗೆಸಿ, ಎರಡು ಡಬ್ಬಿಗೂ ಹಂಚಿದರು. ಯಾರದು ಕೆಡದೆ ತಲುಪುತ್ತದೋ ಅವರಿಗೆ ಕೆಲಸ. ನಾನು ನಿಮ್ಮ ತಾತನ ಹಳೆಯ ಡಬ್ಬಿಯನ್ನೇ ತೆಗೆದುಕೊಂಡೆ. ತಣ್ಣಗಿದ್ದಷ್ಟೂ ಒಳ್ಳೆಯದೆಂದು, ಫ್ರೀಜರಿನಲ್ಲಿ ಕಲ್ಲಾಗಿದ್ದ ಐಸ್ ಪ್ಯಾಕುಗಳನ್ನು ಟ್ಯೂಬುಗಳ ಸುತ್ತ ಒತ್ತಿ ತುಂಬಿದೆ. ಇನ್ನು ಅಲ್ಲಾಡುವುದಿಲ್ಲ, ರಟ್ಟು ಬೇಡ ಎಂದುಕೊಂಡೆ. ಪಕ್ಕದಲ್ಲೇ ಶಿವಲೀಲಾ ತನ್ನ ಡಬ್ಬಿ ತುಂಬುತ್ತಿದ್ದಳು. ಅಷ್ಟರಲ್ಲಿ ಅವಳ ಮಗು ಅಂಗನವಾಡಿಯಲ್ಲಿ ಬಿದ್ದಿದೆ ಎಂದು ಫೋನ್ ಬಂತು. ಮಾತಾಡುತ್ತಲೇ ಮುಚ್ಚಳ ಹಾಕಿ, ಟೇಪು ಸುತ್ತಿ ಹೊರಟುಬಿಟ್ಟಳು.

ನಾನು ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಕಂಬದ ಕೆಲಸದಿಂದ ರಸ್ತೆ ಕಟ್ಟಿಕೊಂಡಿತ್ತು. ಊಟದ ಡಬ್ಬಿ ಎಂದುಕೊಂಡು ಕಂಡಕ್ಟರ್, “ಏನಮ್ಮ, ನಮಗೂ ಎರಡು ತುತ್ತು ಇದ್ಯಾ?” ಎಂದು ನಗಾಡಿದ. ನಾನು ಡಬ್ಬಿಯ ಮೇಲೆ ಸೆರಗು ಮುಚ್ಚಿದೆ.

ಲ್ಯಾಬು ಮುಟ್ಟಿದಾಗ ಸಂಜೆ. ಎರಡನ್ನೂ ಒಟ್ಟಿಗೇ ಬಿಚ್ಚಬೇಕೆಂದು ಡಾಕ್ಟರಮ್ಮ ಹೇಳಿದ್ದರಿಂದ ಶಿವಲೀಲಾ ಮಗುವನ್ನು ನೋಡಿಕೊಂಡು ಬಂದು ಕಾಯುತ್ತಿದ್ದಳು, ಅವಳ ಡಬ್ಬಿಯ ಟೇಪು ಸುತ್ತಿದ ಹಾಗೇ ಇತ್ತು. ಅಲ್ಲಿನ ಟೆಕ್ನೀಷಿಯನ್ ಮೊದಲು ನನ್ನದನ್ನು ಬಿಚ್ಚಿದ. ಹೆಪ್ಪುಗಟ್ಟಿ, ಕಣಗಳು ಒಡೆದು ರಕ್ತ ಕೆಟ್ಟಿತ್ತು. “ಅಮ್ಮ, ಐಸ್ ನೇರವಾಗಿ ತಗುಲ್ಬಾರ್ದು. ರಕ್ತ ಕಣಮ್ಮ ಇದು, ಕ್ಯಾಂಡಿ ಅಲ್ಲ” ಎಂದ. ರಟ್ಟು ಯಾತಕ್ಕೆಂದು ನನಗೆ ಆಗ ತಿಳಿಯಿತು.

ಆಮೇಲೆ ಅವಳದನ್ನು ಬಿಚ್ಚಿದ, ರಕ್ತ ಕೆಟ್ಟಿರಲಿಲ್ಲ. ಐಸಿಗೂ ಟ್ಯೂಬುಗಳಿಗೂ ನಡುವೆ ಒಂದು ರಟ್ಟು ನಿಂತಿತ್ತು. ಮೂಲೆಗಳು ಒಳಕ್ಕೆ ಮಡಚಿಕೊಂಡು, ಒಂದರ ಹೊಟ್ಟೆಯೊಳಗೆ ಇನ್ನೊಂದು ಸಿಕ್ಕಿಕೊಂಡಿತ್ತು. ನಿಮ್ಮ ತಾತನದೇ ಮಡಿಕೆ.

ಶಿವಲೀಲಾ ಗೋಡೆಗೆ ಒರಗಿ ಉಸಿರುಬಿಟ್ಟಳು. ನಡುವೆ ಏನೂ ಇಡದೆ ಮುಚ್ಚಿದ್ದು ಅವಳಿಗೆ ದಾರಿಯಲ್ಲಿ ನೆನಪಾಗಿ, ಕೆಲಸ ಹೋಯಿತೆಂದೇ ಕೂತಿದ್ದಳಂತೆ. ನನ್ನ ಕೈ ಹಿಡಿದು, “ದೊಡ್ಡ ಮನಸ್ಸು ನಿಮ್ಮದು ಅಕ್ಕಾರ” ಎಂದಳು.

“ನಾನಿಟ್ಟಿಲ್ಲ” ಎಂದೆ.

“ಮತ್ತ ಯಾರಿಟ್ಟಾರ? ಅಲ್ಲಿ ನಾವಿಬ್ಬರ ಇದ್ವಲ್ರೀ.”

ಈ ಮಡಿಕೆಯನ್ನು ಎಲ್ಲಾದರೂ ಕಂಡಿದ್ದೀಯಾ ಎಂದು ಕೇಳಿದೆ. ಇಲ್ಲ ಎಂದಳು. ಅವಳ ಮುಖದಲ್ಲಿ ಸುಳ್ಳಿರಲಿಲ್ಲ. ಸುಳ್ಳಿರಲಿ ಎಂದೇ ಆ ಮುಖದಲ್ಲಿ ಬಹಳ ಹುಡುಕಿದೆ. ಆ ರಟ್ಟನ್ನು ಕೊಡಪ್ಪ ಎಂದರೆ, ರಕ್ತದ ಜೊತೆ ಬಂದದ್ದನ್ನು ಹೊರಗೆ ಕೊಡುವಂತಿಲ್ಲ ಎಂದು ಟೆಕ್ನೀಷಿಯನ್ ಅದನ್ನು ಲ್ಯಾಬಿನ ಕಸದ ಹಳದಿ ಚೀಲಕ್ಕೆ ಹಾಕಿಬಿಟ್ಟ. ಬಿಚ್ಚಿ ನೋಡಿ ಕಲಿಯುವುದಕ್ಕೂ ಆಗಲಿಲ್ಲ.

ಕೆಲಸ ಅವಳಿಗಾಯಿತು. ಚೆನ್ನಾಗಿಯೇ ಮಾಡಿದಳು. ನಾನು ನೆಲ ಒರೆಸಿಕೊಂಡಿದ್ದೆ. ಸತ್ತವರು ಬರುವುದಿಲ್ಲವೆಂದರೆ ಅದನ್ನು ಮಡಚಿದವರು ಯಾರು, ನನಗೆ ಇಂದಿಗೂ ತಿಳಿಯದು. ಬರುತ್ತಾರೆಂದರೆ, ಎರಡು ಡಬ್ಬಿಗಳೂ ಒಂದೇ ಮೇಜಿನ ಮೇಲಿದ್ದವು, ನನ್ನದನ್ನು ಬಿಟ್ಟು ಅವಳದರಲ್ಲಿ ಯಾಕೆ ಇಟ್ಟರು? ಅದೂ ತಿಳಿಯದು.

ಅಂದು ಮನೆಗೆ ಬಂದು ನಿಮ್ಮ ತಾತನ ಫೋಟೋದ ಮುಂದೆ ದೀಪ ಹಚ್ಚಲಿಲ್ಲ. ಮಾರನೆಯ ದಿನವೂ ಹಚ್ಚಲಿಲ್ಲ. ಇಲ್ಲದವರ ಮೇಲೆ ಯಾರಾದರೂ ಹಾಗೆ ಮುನಿಸಿಕೊಳ್ಳುತ್ತಾರೆಯೇ ಹೇಳಿ.