ಒಂದು ಮೆಟ್ಟಿಲು ಕೆಳಗಿಳಿದ ಹೆಸರುಗಳು

ನಾನು ಕೆಲಸ ಮಾಡುವ ನರ್ಸರಿ ಇಳಕಲ್ಲಿನ ಹೊರಗೆ, ಹುನಗುಂದ ರಸ್ತೆಗೆ ಹೊಂದಿಕೊಂಡಿದೆ. ಮಾಲೀಕರನ್ನು ನಾವೆಲ್ಲ ಕಾಕಾ ಅನ್ನುತ್ತೇವೆ. ಹೊಸ ಸಾಫ್ಟ್‌ವೇರ್ ಬಂದ ದಿನ, ಬಾಗಲಕೋಟೆಯಲ್ಲಿ ಸಸ್ಯಶಾಸ್ತ್ರ ಓದಿದವಳು ಎಂಬ ಒಂದೇ ಕಾರಣಕ್ಕೆ, ಗಿಡಗಳ ಹೆಸರು ತುಂಬುವ ಕೆಲಸವನ್ನು ಅವರು ನನ್ನ ಕೊರಳಿಗೆ ಕಟ್ಟಿದರು. “ನೀ ಕಲತಾಕಿ. ನಾಮಕರಣ ನೀ ಮಾಡು, ತೊಟ್ಟಲಾ ನಾ ಕಟ್ಟತೇನಿ.”

ನಾಮಕರಣ ಸಲೀಸಾಗಿರಲಿಲ್ಲ. ಬಾದಾಮಿ ಕಡೆಯವರು ಒಂದು ಹೆಸರು ಹೇಳಿದರೆ ಬೇವೂರಿನವರು ಇನ್ನೊಂದು ಹೇಳುತ್ತಾರೆ. ಸಸಿ ಕಳಿಸುವ ಸಗಟು ವ್ಯಾಪಾರಿಯ ಪಟ್ಟಿಯಲ್ಲಿ ಮೂರನೆಯದಿರುತ್ತದೆ. ಪಟ್ಟಿಯಲ್ಲಿ ‘ದೊಡ್ಡಪತ್ರೆ’ ಎಂದಿರುವುದನ್ನು ನಮ್ಮ ಗಿರಾಕಿಗಳು ‘ಅಜವಾನದ ಎಲಿ’ ಎಂದು ಕೇಳುತ್ತಾರೆ. ಇಲ್ಲ ಎಂದು ಎರಡು ಸಲ ಹೇಳಿ ಕಳಿಸಿದ ಮೇಲೆ, ಅದು ನಮ್ಮ ಕಾಲ ಬುಡದಲ್ಲೇ ಇದೆ ಎಂದು ನನಗೆ ಹೊಳೆದದ್ದು.

ಸರಿ, ಆ ಹೆಸರನ್ನೂ ಸೇರಿಸೋಣ ಎಂದು ಎಕ್ಸೆಲ್ ಹಾಳೆ ತೆರೆದೆ. ಅದರಲ್ಲಿ ಎಡಗಡೆ ಗಿಡದ ನಂಬರು, ಬಲಗಡೆ ಹೆಸರು. ದೊಡ್ಡಪತ್ರೆಯ ಕೆಳಗೆ ಒಂದು ಖಾಲಿ ಚೌಕ ತೂರಿಸಿ ‘ಅಜವಾನದ ಎಲಿ’ ಎಂದು ಬರೆದೆ. ತೂರಿಸಿದ್ದು ಬಲಗಡೆ ಮಾತ್ರ. ನಂಬರುಗಳು ಇದ್ದಲ್ಲೇ ಕೂತವು, ಕೆಳಗಿನ ಹೆಸರುಗಳೆಲ್ಲ ಒಂದೊಂದು ಮೆಟ್ಟಿಲು ಇಳಿದವು. ನಾನದನ್ನು ಹಾಗೇ ಸಾಫ್ಟ್‌ವೇರಿಗೆ ಏರಿಸಿದೆ, ಹೊಸ ಚೀಟಿ ಮುದ್ರಿಸಿದೆ, ನಂಬರು ನೋಡಿ ನೋಡಿ ಕುಂಡಗಳಿಗೆ ಅಂಟಿಸಿದೆ. ಒಂದು ಗಿಡದ ಮುಖವನ್ನೂ ನೋಡಲಿಲ್ಲ.

ಎರಡು ದಿನ ಬಿಟ್ಟು ತುಳಸಿಗೇರಿಯ ಒಬ್ಬ ಗಿರಾಕಿ ಕುಂಡ ಬಗಲಲ್ಲಿ ಇಟ್ಟುಕೊಂಡು ಬಂದ. “ಏನ್ರೀ ಕಾಕಾ, ಮಲ್ಲಿಗಿ ಗಿಡಕ್ಕ ದಾಸಾಳ ಅಂತ ಚೀಟಿ ಹಚ್ಚೀರಿ! ಹೂ ಬಿಡೋ ಗಿಡ ಅಂತ ನಾನೂ ನೋಡ್ದ ಒಯ್ದೆ. ಮನ್ಯಾಗಿನಾಕಿ ಪೂಜಾಕ್ಕ ಕೆಂಪ ಹೂ ಬೇಕಂತ ಕುಂತಾಳ. ನಾ ಏನ್ ಬಣ್ಣಾ ಬಳೀಲ್ಯಾ?”

“ಬಳಿಯೋ ಮಾರಾಯಾ, ಬ್ರಷ್ ನಾ ಕೊಡ್ತೇನಿ,” ಎಂದರು ಕಾಕಾ.

ಎಲ್ಲರೂ ನಕ್ಕೆವು. ನಗುತ್ತಲೇ ಹಾಳೆ ತೆರೆದೆ. ಮಲ್ಲಿಗೆಯ ಮೇಲಿನ ಸಾಲು ದಾಸವಾಳ, ಅದರ ಮೇಲೆ ಕಣಗಿಲೆ. ಅದಕ್ಕೂ ಮೇಲೆ, ಔಷಧಿ ಗಿಡಗಳ ಸಾಲಿನ ಕೊನೆಗೆ, ಆಡುಸೋಗೆ. ಕೆಮ್ಮಿಗೆ ಎಲೆ ಕುದಿಸಿ ಕುಡಿಯುವ ಆಡುಸೋಗೆಯ ಹೆಸರು ಒಂದು ಮೆಟ್ಟಿಲು ಇಳಿದು ಕಣಗಿಲೆಯ ಕುಂಡಗಳ ಮೇಲೆ ಕೂತಿತ್ತು. ಕಣಗಿಲೆಯ ಎಲೆ ವಿಷ. ನಮ್ಮಲ್ಲಿದ್ದವು ಇನ್ನೂ ಹೂ ಬಿಡದ ಸಸಿಗಳು. ಅರಿಯದವರಿಗೆ ಚೀಟಿಯಲ್ಲಿ ಇದ್ದದ್ದೇ ಗಿಡ.

ಆ ನಂಬರಿನ ಕುಂಡ ಮಾರಾಟವಾದದ್ದು ಒಂದೇ, ಹಿಂದಿನ ದಿನ ಸಂಜೆ. ಬಿಲ್ಲಿನಲ್ಲಿ ಗುಡೂರು ಎಂದಿತ್ತು, ಒಂದು ಫೋನ್ ನಂಬರೂ ಇತ್ತು. ರಿಂಗಾಯಿತು, ಯಾರೂ ಎತ್ತಲಿಲ್ಲ.

ಬಿಲ್ಲು ನೋಡಿದ ಕಾಕಾರ ನಗು ನಿಂತಿತ್ತು. “ಹೊಲಿಗಿ ಅಂಗಡಿಯವರ ಮನಿ ಹೆಣಮಗಳು. ಮೊಮ್ಮಗಳಿಗೆ ಕೆಮ್ಮು ಅಂತಿದ್ಲು. ನೀ ಗಾಡಿ ತಗೊಂಡು ಹೋಗು. ನಾ ಇಲ್ಲಿ ಚೀಟಿ ಕಿತ್ತಗೋತ ಫೋನ್ ಹಚ್ಚತೇನಿ.”

ಗುಡೂರಿನ ದಾರಿ ನನಗೆ ಹೊಸದಲ್ಲ. ಆದರೆ ಅಂದು ಸ್ಕೂಟಿಯ ಮೇಲೆ ಏನೇನು ದಾಟಿದೆನೋ ನೆನಪಿಲ್ಲ. ರಾತ್ರಿ ಕುಡಿಸಿರಬಹುದೇ, ಬೆಳಿಗ್ಗೆಯೇ, ಎಷ್ಟು ಎಲೆ ಹಾಕಿರಬಹುದು, ಇದೇ ಲೆಕ್ಕ. ಈಗಲೂ ಯಾರ ಮನೆಯಲ್ಲಾದರೂ ಒಲೆಯ ಮೇಲೆ ಮುಚ್ಚಿದ ಪಾತ್ರೆ ಕಂಡರೆ ಆ ಲೆಕ್ಕ ಮೊದಲಿನಿಂದ ಶುರುವಾಗುತ್ತದೆ, ಮತ್ತು ಅದರಲ್ಲಿ ಪ್ರತಿ ಸಲವೂ ನಾನು ಆ ಮನೆಗೆ ತಡವಾಗಿಯೇ ತಲುಪುತ್ತೇನೆ.

ಹೊಲಿಗೆ ಅಂಗಡಿಯವರು ಎಂದ ಕೂಡಲೇ ಮನೆ ತೋರಿಸಿದರು. ಬಾಗಿಲು ತೆರೆದಿತ್ತು. ಐದಾರು ವರ್ಷದ ಹುಡುಗಿ ಹೊಸ್ತಿಲಲ್ಲಿ ಕೂತು ಕೆಮ್ಮುತ್ತಿದ್ದಳು. ಒಳಗೆ ಒಲೆಯ ಮೇಲೆ ಏನೋ ಕುದಿಯುತ್ತಿತ್ತು. ಚಪ್ಪಲಿ ಸಮೇತ ಒಳಗೆ ನುಗ್ಗಿ ಗ್ಯಾಸ್ ಆರಿಸಿ, ಸೆರಗಿನಲ್ಲಿ ಪಾತ್ರೆ ಹಿಡಿದು ಬಚ್ಚಲಿಗೆ ಸುರಿದುಬಿಟ್ಟೆ.

ಹಿತ್ತಲಿಂದ ಒದ್ದೆ ಬಟ್ಟೆ ಹಿಡಿದು ಬಂದ ಅಜ್ಜಿ ಬಾಗಿಲಲ್ಲೇ ನಿಂತಳು. “ಯಾರವ್ವಾ ನೀ? ನಮ್ಮ ಬಚ್ಚಲಕ್ಕ ನೆಗಡಿ ಆಗೇತೇನು, ಕಷಾಯ ಕುಡಸಾಕ ಹತ್ತೀದಿ?”

“ಅಮ್ಮಾ, ಇದರಾಗ ಏನ್ ಹಾಕಿದ್ರಿ?”

“ಹಸಿಶುಂಠಿ, ಮೆಣಸು, ಬೆಲ್ಲ. ನಿನಗ್ಯಾಕ?”

“ನಿನ್ನೆ ತಂದ ಗಿಡದ ಎಲಿ?”

“ಅದರ ಎಲಿ ಹೆಂಗ ಹರೀಲಿ? ಹೊಸಾ ಗಿಡ ನಮ್ಮ ಮಣ್ಣಾಗ ಒಂದ್ ಚಿಗುರು ಒಡೆಯೂ ತನಕ ನಾವು ಮುಟ್ಟಂಗಿಲ್ಲ. ಮನಿಗೆ ಬಂದ ಬೀಗರನ್ನ ಹೊಸ್ತಿಲದಾಗs ಕೆಲಸಕ್ಕ ಹಚ್ಚತಾರೇನು?”

ನಾನು ಹಿತ್ತಲಿಗೆ ಓಡಿದೆ. ಸಸಿಯನ್ನು ಆಗಲೇ ನೆಲಕ್ಕೆ ಹಚ್ಚಿ ಸುತ್ತ ನೀರು ಬಿಟ್ಟಿದ್ದಳು. ಎಲೆಗಳನ್ನು ಎಣಿಸಿದೆ. ಒಂದು ಗೆಣ್ಣಿನಲ್ಲಿ ಒಂದು ಎಲೆ ಕಡಿಮೆ ಇತ್ತು.

“ಅದs?” ಎಂದಳು ಹಿಂದೆಯೇ ಬಂದ ಅಜ್ಜಿ. “ಬಸ್ಸಿನ್ಯಾಗ ಯಾರದೋ ಚೀಲಕ್ಕ ಸಿಕ್ಕು ಹರೀತು. ಎಷ್ಟ್ ಬೈದೆ ಅವಗ!”

ನಾನು ಅಲ್ಲೇ ಕೆಸರಿನಲ್ಲಿ ಕೂತೆ. ಕೂತಲ್ಲಿಂದಲೇ ಎಲ್ಲ ಹೇಳಿದೆ: ಇದು ಕಣಗಿಲೆ, ಚೀಟಿ ತಪ್ಪು, ಕುದಿಸಿ ಕುಡಿಸಿದ್ದರೆ ಜೀವಕ್ಕೇ ಕುತ್ತು ಬರುತ್ತಿತ್ತು.

ಅಜ್ಜಿ ಹೊಸ್ತಿಲಲ್ಲಿದ್ದ ಮೊಮ್ಮಗಳನ್ನು ಕರೆದು ಎತ್ತಿಕೊಂಡಳು. ದೊಡ್ಡ ಹುಡುಗಿ, ಎತ್ತುವ ವಯಸ್ಸಲ್ಲ. ಆಮೇಲೆ ಕೇಳಿದಳು, “ಆ ಚೀಟಿ ಬರದವರು ಯಾರು?”

ಕಂಪ್ಯೂಟರು ಎಂದು ಹೇಳಬಹುದಿತ್ತು. ಹಾಗೆ ಹೇಳಿದರೆ ನಂಬುವ ಕಾಲವಿದು.

“ನಾನs ರೀ.”

ಅವಳು ನನ್ನನ್ನು ತಲೆಯಿಂದ ಕಾಲಿನ ತನಕ ನೋಡಿದಳು. “ಏಳು. ಮದಲ ಆ ಗಿಡಾ ಕಿತ್ತ ಚೀಲಕ್ಕ ಹಾಕು. ಕೈ ತೊಳಕೊ. ಚಪ್ಪಲಿ ಹೊರಗ ಬಿಡು. ಚೆಲ್ಲಿದ ಕಷಾಯ ನೀನs ಕುದಸು.”

ಕಿತ್ತೆ, ತೊಳೆದೆ, ಶುಂಠಿ ಜಜ್ಜಿದೆ. ಅವಸರದಲ್ಲಿ ಮೆಣಸು ಹೆಚ್ಚು ಬಿತ್ತು. ಬೆಲ್ಲ ಹಾಕುವಾಗ ಡಬ್ಬಿಯ ವಾಸನೆ ನೋಡಿದ್ದನ್ನು ಕಂಡು ಅಜ್ಜಿ ನಕ್ಕಳು. “ಅದು ಬೆಲ್ಲನs ಐತಿ ತಂಗಿ. ನಮ್ಮ ಡಬ್ಬಿಗೆ ಚೀಟಿ ಇಲ್ಲ.”

ಲೋಟ ಮುಂದೆ ಹಿಡಿದರೆ ಹುಡುಗಿ ಅಜ್ಜಿಯ ಹಿಂದೆ ಸರಿದಳು. ಎಲ್ಲ ಕೇಳಿಸಿಕೊಂಡಿದ್ದಳು. “ಮದಲ ಈಕಿ ಕುಡೀಲಿ.”

ನಾನು ಒಂದು ದೊಡ್ಡ ಗುಟುಕು ಕುಡಿದೆ. ಖಾರಕ್ಕೆ ಕಣ್ಣಲ್ಲಿ ನೀರು ಬಂತು. ಅವಳು ರೆಪ್ಪೆ ಬಡಿಯದೆ ನನ್ನನ್ನೇ ನೋಡುತ್ತ ನಿಂತಳು. ನಾನು ಬೀಳುವುದಿಲ್ಲ ಎಂದು ಖಾತ್ರಿಯಾದ ಮೇಲೆ ಎರಡೂ ಕೈಯಲ್ಲಿ ಲೋಟ ಕಸಿದುಕೊಂಡು, ಮೂಗು ಮುರಿದು, ತಳ ಕಾಣುವ ತನಕ ಕುಡಿದಳು.